ತೂಕದ ಕದರಪ್ಪನವರು ಈಜು ಕಲಿತದ್ದು

ಕದರಪ್ಪನವರನ್ನು ನಾನು ಮೊದಲು ಕಂಡದ್ದು ಕೊರಟಗೆರೆಯ ಹುಣಸೆಹಣ್ಣಿನ ಮಂಡಿಯಲ್ಲಿ. ಬಿ.ಎ. ಮುಗಿಸಿ ಅಲ್ಲಿನ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಬಂದ ವರ್ಷ ಅದು, 1937. ಶಾಲೆ ತೆರೆದು ಒಂದು ವಾರ ಆಗಿತ್ತೋ ಇಲ್ಲವೋ, ನಮ್ಮಪ್ಪ ಬುಕ್ಕಾಪಟ್ಟಣದ ಕಡೆಯ ನಮ್ಮ ಹಳ್ಳಿಯಿಂದ ಗಾಡಿ ಹೂಡಿಕೊಂಡು ಬಂದರು. ಮಗನನ್ನು ನೋಡಿದ ಹಾಗೂ ಆಯಿತು, ಉಳಿದಿದ್ದ ಹುಣಸೆಹಣ್ಣು ಮಾರಿದ ಹಾಗೂ ಆಯಿತು ಎಂದು ಅವರ ಲೆಕ್ಕ.

ಮಂಡಿಯ ಅಂಗಳದಲ್ಲಿ ಮೂರು ಗಳುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಎರಡು ಕಡೆಯೂ ಸರಪಳಿಗೆ ಕಟ್ಟಿದ ಹಲಗೆಗಳು. ಪಕ್ಕದಲ್ಲಿ ಒಂದು ಗಿಡ್ಡ ಮಣೆ. ಆ ಮಣೆ ಕಾಣಿಸದ ಹಾಗೆ ಅದರ ಮೇಲೆ ಕೂತಿದ್ದವರೇ ಕದರಪ್ಪನವರು. ಬಿಳಿ ಅಂಗಿಯ ತೋಳಿಗೆಲ್ಲ ಹಣ್ಣಿನ ಕಂದು ಕಲೆ. ಕೆಂಪು ಅಂಚಿನ ರುಮಾಲಿನ ಕೆಳಗಿಂದ ಬೆವರು ಕೆನ್ನೆಗೆ ಇಳಿಯುತ್ತಿತ್ತು. ದನಿ ಮಾತ್ರ ಗಂಟೆ ಹೊಡೆದ ಹಾಗೆ. "ಲಾಭಾ… ಎರಡೂ… ಮೂರೂ…" ಎಂದು ಕೂಗುತ್ತಿದ್ದರು. ನಮ್ಮ ಕಡೆ ತೂಕದ ಹೊತ್ತಿನಲ್ಲಿ ಯಾರೂ ಒಂದು ಎನ್ನುವುದಿಲ್ಲ.

ನಮ್ಮ ಮೂಟೆಗಳ ತೂಕ ಮುಗಿಯಿತು. ಕದರಪ್ಪನವರು ಎದ್ದು ನಿಲ್ಲುವುದಕ್ಕೆ ಇಬ್ಬರು ಹಮಾಲರು ಕೈ ಕೊಟ್ಟರು. ಎದ್ದವರು ಮಂಡಿ ಚಿಪ್ಪು ಹಿಡಿದುಕೊಂಡು ನನ್ನ ಕಡೆ ನೋಡಿದರು.

"ಮೇಷ್ಟ್ರೇ, ಇಂಗ್ಲೀಷ್ ಓದ್ದೋರು ನೀವು. ಈ ಹೊಟ್ಟೆ ಕರಗಕ್ಕೆ ನಿಮ್ಮ ಬುಕ್ಕಲ್ಲಿ ಏನಾರಾ ಬರ್ದವ್ರಾ?"

"ಊಟ ಬುಡು ಅಂತ ಬರ್ದಿರ್ತಾರೆ ಕಣಣ್ಣ, ಅದಕ್ಯಾಕೆ ಬುಕ್ಕು?" ಎಂದ ಒಬ್ಬ ಹಮಾಲ.

"ಸುಮ್ನಿರ್ಲಾ ಲೇ, ನಿನ್ನ ಯಾರ್ ಕೇಳಿದ್ರು?"

ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಕೇಳಿದ್ದು ತಮಾಷೆಗಲ್ಲ ಎಂದು ನನಗೆ ಸಂಜೆ ಗೊತ್ತಾಯಿತು. ಅವರೇ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಹೇಳಿದರು.

ಅವರ ಊರು ಚನ್ನರಾಯನದುರ್ಗ. ಕಾರ್ತೀಕದ ಹುಣ್ಣಿಮೆಯ ದಿನ ಬೆಟ್ಟದ ತುದಿಯಲ್ಲಿ ದೀಪ ಹಚ್ಚುವುದು ಅವರ ಮನೆತನದ ಕೆಲಸ. ಮನೆಯ ಹಿರಿಯ ಮಗ ಎಣ್ಣೆಯ ಕೊಡ ಹೊತ್ತು ಕೋಟೆಯ ಬಾಗಿಲುಗಳನ್ನೆಲ್ಲ ದಾಟಿ ಹತ್ತಬೇಕು, ಕೊಡ ನೆಲಕ್ಕೆ ತಾಗಬಾರದು. ಕದರಪ್ಪನವರು ವಯಸ್ಸಿನಲ್ಲಿ ಅದನ್ನು ಆಟದ ಹಾಗೆ ಮಾಡಿದವರು. ಮಂಡಿಗೆ ಬಂದು ಮಣೆಯ ಮೇಲೆ ಕೂತ ಮೇಲೆ ಮೈ ಬೆಳೆಯಿತು. ಹಿಂದಿನ ಕಾರ್ತೀಕದಲ್ಲಿ ಎರಡನೆಯ ಬಾಗಿಲ ಹತ್ತಿರ ಉಸಿರು ಕಟ್ಟಿ ಕುಸಿದರು. ಚಿಕ್ಕಪ್ಪನ ಮಗ ಓಬಳೇಶ ಕೊಡ ಇಸಿದುಕೊಂಡು ಹತ್ತಿ ದೀಪ ಹಚ್ಚಿದ. ಈ ಸಲವೂ ಹಾಗೇ ಆದರೆ ದೀಪ ಓಬಳೇಶನ ಮನೆಗೆ ಹೋಗುತ್ತದೆ ಎಂದು ಊರಿನ ಹಿರಿಯರು ಹೇಳಿಬಿಟ್ಟಿದ್ದರು.

"ಮುತ್ತಾತನ ಕಾಲದ್ದು ಮೇಷ್ಟ್ರೇ. ನನ್ ಕೈಯಿಂದ್ಲೇ ಹೋಯ್ತು ಅಂದ್ರೆ ಊರೊಳಕ್ಕೆ ಯಾವ ಮುಖ ಇಟ್ಕಂಡು ಹೋಗ್ಲಿ?"

ಮೈ ಇಳಿಸಲು ನಡೆದು ನೋಡಿದ್ದರಂತೆ, ಮಂಡಿ ಚಿಪ್ಪು ಊದಿಕೊಂಡಿತ್ತು. ಕೀಲು ನೋವಿದ್ದವರಿಗೆ ಈಜಿನಂಥ ವ್ಯಾಯಾಮ ಇಲ್ಲ, ನೀರು ಮೈಭಾರ ಹೊರುತ್ತದೆ ಎಂದು ಕಾಲೇಜಿನಲ್ಲಿ ವ್ಯಾಯಾಮದ ಮೇಷ್ಟ್ರು ಹೇಳುತ್ತಿದ್ದದ್ದು ನನಗೆ ನೆನಪಾಯಿತು. ಹೇಳಿದೆ.

"ನಂಗೆ ಈಜು ಬರಕಿಲ್ಲ. ಬೆಟ್ಟದ ಮೇಲೆ ಬಂಡೆ ದೊಣೆ ನೀರು ದೇವ್ರದ್ದು ಅಂತ ಕಾಲಿಡಕ್ಕೇ ಬುಡ್ತಿರ್ಲಿಲ್ಲ. ಬಂಡೆ ಹತ್ತೋದು ಕಲ್ತೆ, ನೀರಿಗಿಳಿಯೋದು ಕಲೀಲಿಲ್ಲ."

"ನಾನು ಕಲಿಸ್ತೀನಿ" ಎಂದೆ. ನಮ್ಮ ಮಾವನ ಬಾವಿಯಲ್ಲಿ ಬಿದ್ದು ಎದ್ದು ಬೆಳೆದವನು ನಾನು.

ಊರ ಹೊರಗೆ ರೇಣುಕಯ್ಯನವರ ತೋಟದಲ್ಲಿ ಮೆಟ್ಟಿಲಿದ್ದ ದೊಡ್ಡ ಬಾವಿ ಇತ್ತು. ನೀರೆತ್ತುವ ಕಪಿಲೆಗೆ ಎತ್ತು ಕಟ್ಟುವುದಕ್ಕೆ ಮುಂಚೆ, ಬೆಳಕು ಹರಿಯುತ್ತಲೇ ಹೋಗುತ್ತಿದ್ದೆವು. ಒಣಗಿದ ಸೋರೆ ಬುರುಡೆಗಳನ್ನು ಹಗ್ಗದಲ್ಲಿ ಪೋಣಿಸಿ ಕದರಪ್ಪನವರ ಬೆನ್ನಿಗೆ ಕಟ್ಟಿದೆ. ಮೊದಲ ದಿನ ಅವರು ನೀರಿಗಿಳಿದಾಗ ಎದ್ದ ಅಲೆ ನೋಡಿ ರೇಣುಕಯ್ಯ ಮೇಲಿನಿಂದ ಕೂಗಿದರು:

"ಮೇಷ್ಟ್ರೇ, ದಿನಾ ಕರ್ಕಂಬನ್ನಿ! ಇವ್ರು ಇಳಿದ್ರೆ ನಂಗೆ ಕಪಿಲೆನೇ ಬ್ಯಾಡ, ನೀರು ತಾನೇ ಕಾಲ್ವೆಗೆ ಬರ್ತದೆ!"

ಶ್ರಾವಣ ಕಳೆಯಿತು. ಸಂತೆ ಇಲ್ಲದ ಒಂದು ದಿನ ಕದರಪ್ಪನವರು ತಮ್ಮದೇ ತಕ್ಕಡಿಯ ಹಲಗೆಯ ಮೇಲೆ ಕೂತರು. ಆಷಾಢದಲ್ಲಿ ತೂಗಿದಾಗ ಒಂಬತ್ತು ಮಣ ಇದ್ದರು. ಈಗ ಅಷ್ಟೇ ಕಲ್ಲು ಇಟ್ಟರೆ ಅವರ ಕಡೆಯೇ ನೆಲಕ್ಕೆ ತಾಗಿತು.

"ನೀರು ಕುಡ್ಕಂಡು ಬಂದವ್ರೆ ಕಣ್ರಲಾ, ಹಿಂಡಿ ತೂಗ್ಬೇಕಾಗಿತ್ತು!" ಎಂದ ಅದೇ ಹಮಾಲ.

ಈ ಸಲ ಕದರಪ್ಪನವರು ನಗಲಿಲ್ಲ. ಈಜಿದರೂ ತೂಕ ಯಾಕೆ ಹೆಚ್ಚಿತೆಂದು ನನಗೂ ಅರ್ಥವಾಗಲಿಲ್ಲ. ಅವರ ಜೊತೆ ಮನೆಗೆ ಹೋದೆ. ಅವರ ಹೆಂಡತಿ ಬೊಮ್ಮಕ್ಕ ಅಂಗಳದಲ್ಲೇ ಕಾದಿದ್ದರು. ತಟ್ಟೆಯಲ್ಲಿ ತಲೆಗಾತ್ರದ ಎರಡು ರಾಗಿ ಮುದ್ದೆ, ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲ ಹಾಕಿ ಕುಟ್ಟಿದ ಹುಚ್ಚೆಳ್ಳಿನ ಉಂಡೆಗಳು.

"ತಣ್ಣೀರಲ್ಲಿ ಬಿದ್ದೆದ್ದು ಬಂದ್ರೆ ಮೈಯೆಲ್ಲ ವಾಯು ಆಯ್ತದೆ ಮೇಷ್ಟ್ರೇ. ಅದಕ್ಕೇ ಈಜು ಶುರುವಾದಾಗ್ಲಿಂದ ಒಂದು ಮುದ್ದೆ ಜಾಸ್ತಿ ಇಕ್ತೀನಿ. ನೀವೂ ಕೂತ್ಕಳಿ."

ಈಜಿದ ಹಸಿವು ಎಂಥದ್ದೆಂದು ಬಲ್ಲವನಾದ್ದರಿಂದ ನಾನೂ ಕೂತೆ. ಉಂಡ ಮೇಲೆ, ಇಷ್ಟು ಉಂಡರೆ ತೂಕ ಇಳಿಯುವುದಿಲ್ಲ ಎಂದೆ. ಬೊಮ್ಮಕ್ಕ ಒಪ್ಪಲಿಲ್ಲ. "ನನ್ ಗಂಡ ಸೊರಗಿದ್ರೆ ಜನ ಯಾರನ್ನ ಅಂತಾರೆ? ನನ್ನ!" ಎಂದರು.

ಅವರ ಮನಸ್ಸು ತಿರುಗಿಸಿದವನು ಓಬಳೇಶ. ಗಣೇಶನ ಹಬ್ಬ ಕಳೆದ ಮೇಲೆ ಅವನು ಕೊರಟಗೆರೆಗೆ ಬಂದು ನಯವಾಗಿಯೇ ಕೇಳಿದ:

"ಅತ್ಗೆ, ಎಣ್ಣೆ ಕೊಡ ಈಗ್ಲೇ ತಗಂಡೋಗ್ಲಾ? ಅಣ್ಣನ್ನ ಮಂಡೀಲಿ ನೋಡ್ದೆ. ಯಾಕೆ ಸುಮ್ನೆ ಕಷ್ಟ ಕೊಡೋದು ಅಂತ…"

"ಕಾರ್ತೀಕ ಇನ್ನೂ ದೂರ ಐತಲ್ಲಪ್ಪಾ. ಮಜ್ಜಿಗೆ ಕುಡ್ಕಂಡು ಹೋಗು" ಎಂದರು ಬೊಮ್ಮಕ್ಕ. ಕೊಡ ಕೊಡಲಿಲ್ಲ.

ಮರುದಿನ ಬೆಳಗ್ಗೆ ಅವರೇ ಬಾವಿಯ ಹತ್ತಿರ ಬಂದು ಮೆಟ್ಟಿಲ ಮೇಲೆ ನಿಂತರು. ಕದರಪ್ಪನವರು ಎಂದಿನ ಹಾಗೆ ಬುರುಡೆಗಳ ಮೇಲೆ ಆರಾಮಾಗಿ ತೇಲುತ್ತಿದ್ದರು. ನಾನು ಬೈದಾಗ ಮಾತ್ರ ಒಂದೆರಡು ಸಲ ಕಾಲು ಬಡಿಯುತ್ತಿದ್ದರು.

"ಅಲ್ಲ, ಇದೇನ್ ಈಜೋದಾ, ತೊಟ್ಲಲ್ಲಿ ಮಲಗೋದಾ? ಬಿಚ್ಚಿ ಮೇಷ್ಟ್ರೇ ಅವನ್ನ!"

"ಮುಳುಗೋಯ್ತೀನಿ ಕಣೇ!"

"ಮುಳುಗಿದ್ರೆ ಮೇಷ್ಟ್ರವ್ರೆ. ಕೊಡ ಹೋದ್ರೆ ಯಾರವ್ರೆ?"

ಹಗ್ಗ ಬಿಚ್ಚಿದೆ. ಗಲ್ಲದ ಕೆಳಗೆ ಕೈ ಕೊಟ್ಟು ಹಿಡಿದೆ. ಅವರು ನೀರು ಕುಡಿದರು, ಕೆಮ್ಮಿದರು, ನನ್ನ ಕುತ್ತಿಗೆ ಹಿಡಿದುಕೊಂಡರು. ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ ನಾನು ಮೆಲ್ಲಗೆ ಕೈ ತೆಗೆದರೂ ಅವರು ಮುಳುಗಲಿಲ್ಲ. ಅಂಥ ಮೈ ನೀರಿನಲ್ಲಿ ಮುಳುಗುವುದೇ ಕಷ್ಟ. ಎದುರು ಗೋಡೆ ಮುಟ್ಟಿ ತಿರುಗಿ ನೋಡಿ, "ಇಷ್ಟು ದಿನ ಆ ಬುರುಡೆಗಳ್ನ ನಾನೇ ಹೊತ್ಕಂಡು ತಿರುಗ್ತಿದ್ದೆ ಮೇಷ್ಟ್ರೇ!" ಎಂದು ಕೂಗಿದರು.

ಅಲ್ಲಿಂದ ಮುಂದಿನದು ನಿಜವಾದ ಈಜು. ಗೋಡೆಯಿಂದ ಗೋಡೆಗೆ, ಎತ್ತುಗಳು ಬರುವ ತನಕ. ಮನೆಯಲ್ಲಿ ಬೊಮ್ಮಕ್ಕ ಮುದ್ದೆಯನ್ನು ಒಂದಕ್ಕೆ ಇಳಿಸಿ, ತುಪ್ಪದ ಬದಲು ಸೊಪ್ಪಿನ ಸಾರು ಬಿಟ್ಟರು. ಉಂಡೆಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಕದರಪ್ಪನವರು ಹಸಿವಿನಲ್ಲಿ ಮಂಡಿಯವರ ಮೇಲೆಲ್ಲ ರೇಗುತ್ತಿದ್ದರು. ದೀಪಾವಳಿಯ ಹೊತ್ತಿಗೆ ತಕ್ಕಡಿ ಎಂಟು ಮಣಕ್ಕೆ ಸಮ ನಿಂತಿತು. ಮಣೆಯಿಂದ ಏಳುವಾಗ ಹಮಾಲರು ಕೈ ಚಾಚಿದರೆ ತಟ್ಟಿ ಸರಿಸುತ್ತಿದ್ದರು.

ಹುಣ್ಣಿಮೆಯ ದಿನ ನಾನೂ ದುರ್ಗಕ್ಕೆ ಹೋದೆ. ಮಧ್ಯಾಹ್ನ ಇಳಿದ ಮೇಲೆ ಹತ್ತಲು ಶುರು. ಮುಂದೆ ಕೊಡ ಹೊತ್ತ ಕದರಪ್ಪನವರು, ಹಿಂದೆಯೇ ಓಬಳೇಶ, ಆಮೇಲೆ ಹಿರಿಯರಾದ ಅಂಜನಪ್ಪನವರು ಮತ್ತು ಊರವರು. ಎರಡನೆಯ ಬಾಗಿಲು ಬಂತು. ಕದರಪ್ಪನವರು ನಿಂತರು.

"ತಾ ಅಣ್ಣ" ಎಂದು ಓಬಳೇಶ ಕೈ ಚಾಚಿದ.

"ಉಸಿರು ತಕಂತಾವ್ನಿ ಕಣ್ಲಾ. ಸೋತಿಲ್ಲ."

ಮತ್ತೆ ಹೊರಟರು. ಮೇಲೆ ಕಡಿದಾದ ಬಂಡೆಯಲ್ಲಿ, ಕಾಲಿಡಲು ಕೊರೆದ ಗುಳಿಗಳಲ್ಲಿ, ಅವರ ಮಂಡಿ ನಡುಗುವುದು ನನಗೆ ಕಂಡಿತು. ಓಬಳೇಶನಿಗೂ ಕಂಡಿರಬೇಕು. ಅವನು ಕೊಡಕ್ಕೆ ಕೈ ಹಾಕಲಿಲ್ಲ. ಅಣ್ಣನ ಬೆನ್ನಿಗೆ ಅಂಗೈ ಕೊಟ್ಟು, "ನಡಿಯಣ್ಣ, ಬಂದ್ಬುಡ್ತು" ಎಂದ.

ಹೊತ್ತು ಮುಳುಗುವಾಗ ತುದಿ ಮುಟ್ಟಿದೆವು. ಓಬಳೇಶ ಬೆನ್ನಿಗೆ ಕೈ ಕೊಟ್ಟದ್ದನ್ನು ಯಾರೋ ಎತ್ತಿ ಆಡಿದರು. ಅಂಜನಪ್ಪನವರು, "ಕೊಡ ಯಾರ ಕೈಯಲ್ಲಿ ಬಂತು ಅಷ್ಟು ಹೇಳು. ಬೆನ್ನ ಮಾತು ಯಾಕೆ?" ಎಂದು ಬಾಯಿ ಮುಚ್ಚಿಸಿದರು. ಕದರಪ್ಪನವರು ಎಣ್ಣೆ ಸುರಿದು ಬತ್ತಿ ಹಚ್ಚಿದರು. ಕೆಳಗೆ ಊರಿನಲ್ಲಿ ಜನ ಕೂಗಿದ್ದು ಗಾಳಿಯ ಜೊತೆ ಮೇಲಕ್ಕೆ ಬಂತು.

ಎರಡು ವರ್ಷದ ಮೇಲೆ ನನಗೆ ವರ್ಗವಾಯಿತು. ಈಗ ನಾನಿರುವ ಊರಿನಲ್ಲಿ ನಲ್ಲಿ ಇದೆ, ಈಜುವಂಥ ಬಾವಿ ಇಲ್ಲ. ಕೆಲವು ದಿನ ನಸುಕಿನಲ್ಲಿ ಎಚ್ಚರವಾದಾಗ ಆ ತೋಟದ ತಣ್ಣನೆಯ ಕಲ್ಲು ಮೆಟ್ಟಿಲು ಕಾಲಿಗೆ ತಾಗಿದ ಹಾಗಾಗುತ್ತದೆ. ನೀರಿನ ಮೇಲೆ ಹೊಗೆಯಾಡುತ್ತಿದ್ದ ಮಂಜು, ರೇಣುಕಯ್ಯನವರ ನಗು, ಎತ್ತಿನ ಗಂಟೆ, ಎಲ್ಲ ಒಟ್ಟಿಗೆ ನೆನಪಾಗುತ್ತವೆ.

ಕದರಪ್ಪನವರು ಈಗ ಮಂಡಿಯ ಕೆಲಸ ಬಿಟ್ಟಿದ್ದಾರೆ. ಬೊಮ್ಮಕ್ಕನ ಜೊತೆ ದುರ್ಗದಲ್ಲಿದ್ದುಕೊಂಡು ಕಡಲೆಕಾಯಿ ಹೊಲ ನೋಡಿಕೊಳ್ಳುತ್ತಾರೆ, ದಿನಾ ಬೆಳಗ್ಗೆ ಹೊಲದ ಬಾವಿಯಲ್ಲಿ ಈಜುತ್ತಾರೆ.