ಹೊಟ್ಟೆ ಮುಟ್ಟಿ ತೋರಿಸಿದ ಬೇಜಾರು

ಅಕ್ಕೋರು ಕುಕ್ಕರಗಾಲಲ್ಲಿ ಕೂತರೆ ಎರಡೂ ಮೊಣಕಾಲು ಲಟಕ್ಕನೆ ಸದ್ದು ಮಾಡುತ್ತಿದ್ದವು. ಅಳುತ್ತಿರುವ ಮಗು ಕೂಡ ಆ ಸದ್ದಿಗೆ ಅಳು ನಿಲ್ಲಿಸಿ ನೋಡುತ್ತಿತ್ತು. ಯಾವ ಮಗುವಿನ ಜೊತೆಗೂ ಅವರು ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ತಮ್ಮ ಕಣ್ಣು ಮಗುವಿನ ಕಣ್ಣಿಗಿಂತ ಕೆಳಗೆ ಬಂದ ಮೇಲೆಯೇ ಬಾಯಿ ತೆರೆಯುತ್ತಿದ್ದರು. ದೊಡ್ಡವರಿಗೆ ಆ ಮರ್ಯಾದೆ ಇರಲಿಲ್ಲ, ನಮಗೆ ನಿಂತಲ್ಲೇ ಬೈಗುಳ.

ಅಮೆರಿಕದ ಇರ್ವಿಂಗಿನಲ್ಲಿ ನನ್ನ ಮಗಳು ಓದುತ್ತಿದ್ದ ಶಾಲೆಗೆ ಅವರು ಕೌನ್ಸೆಲರ್. ಮಕ್ಕಳ ಜಗಳ, ಭಯ, ಒಂಟಿತನ ಎಲ್ಲವೂ ಅವರ ಪಾಲಿನ ಕೆಲಸ. ಊರು ಹುಬ್ಬಳ್ಳಿ. ಆ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುತ್ತಾರೆ. ಮೈಸೂರಿನವಳಾದ ನನಗೆ ಆ ಮಾತು ಹೊಸದು, ಆದರೂ ನಾಲಿಗೆಗೆ ಅದೇ ಹತ್ತಿತು. ಅಲರ್ಜಿಯ ಮಕ್ಕಳಿದ್ದಾರೆಂದು ಶಾಲೆಯೊಳಗೆ ಕಡಲೆಕಾಯಿ ತರುವಂತಿರಲಿಲ್ಲ. "ಹುಬ್ಬಳ್ಳಿಯಾಕಿಗೆ ಶೇಂಗಾ ಚಟ್ನಿ ಬಂದ್ ಮಾಡ್ಯಾರ್ರಿ. ಇದಕ್ಕಿಂತ ಶಿಕ್ಷಾ ಬ್ಯಾರೆ ಬೇಕೇನು" ಎಂದು ಗೊಣಗುತ್ತಲೇ ರೊಟ್ಟಿಗೆ ಅಗಸಿ ಚಟ್ನಿ ಹಚ್ಚಿಕೊಂಡು, ಜೊತೆಗಾರರಿಲ್ಲದ ಮಕ್ಕಳನ್ನು ತಮ್ಮ ರೂಮಿಗೆ ಕರೆದು, ಅವರ ಜೊತೆ ಊಟ ಮಾಡುತ್ತಿದ್ದರು.

ಮಗಳು ಎರಡನೆಯ ತರಗತಿಯಲ್ಲಿದ್ದಾಗ ನನಗೆ ಏಳನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಗಂಡು ಮಗು. ತಮ್ಮ ಬರುತ್ತಾನೆ ಎಂದು ಮಗಳು ತರಗತಿಗೆಲ್ಲ ಸಾರಿಬಿಟ್ಟಿದ್ದಳು. ಆಸ್ಪತ್ರೆಯಿಂದ ಬರಿಗೈಲಿ ಬಂದವಳು "ತಮ್ಮ ದೇವರ ಹತ್ರ ಹೋದ, ಪುಟ್ಟಿ" ಎಂದಷ್ಟೇ ಹೇಳಿ ಮಲಗಿದೆ. ವಾರಗಟ್ಟಲೆ ಮಲಗಿಯೇ ಇದ್ದೆ. ಅವಳು ಹತ್ತಿರ ಬಂದು ಏನಾಯಿತೆಂದು ಕೇಳಿದರೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು "ಬೇಜಾರು ಕಣೇ" ಎನ್ನುತ್ತಿದ್ದೆ.

ಶಾಲೆಯಲ್ಲಿ ಅವಳು ಆಟಕ್ಕೆ ಹೋಗುವುದನ್ನು ಬಿಟ್ಟಳು. ಯಾಕೆ ಎಂದರೆ ಒಂದೇ ಉತ್ತರ: "ಐ ಆಮ್ ಬೋರ್ಡ್." ಪಾಠ ತೀರಾ ಸುಲಭವಾಗಿ ಬೋರ್ ಆಗುತ್ತಿದೆಯೇನೋ ಎಂದು ಟೀಚರು ಮೂರನೆಯ ತರಗತಿಯ ಲೆಕ್ಕ ಕೊಟ್ಟರು. ಅದಕ್ಕೂ ಅದೇ ಉತ್ತರ. ಜಾಣ ಮಕ್ಕಳ ಪರೀಕ್ಷೆಗೆ ಕೂರಿಸೋಣ ಎಂಬ ಮಾತು ಬಂತು. ನಮ್ಮ ಮನೆಗೆ ಬಹಳ ದಿನದ ಮೇಲೆ ಬಂದ ಒಳ್ಳೆಯ ಸುದ್ದಿ ಅದು. ನನ್ನ ಗಂಡ ಹತ್ತಿರದ ಊರು ರಿಚರ್ಡ್‌ಸನ್ನಿನಲ್ಲಿದ್ದ ಗೆಳೆಯರಿಗೆಲ್ಲ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು.

ಆಗ ಅಕ್ಕೋರು ನನ್ನನ್ನು ಕರೆಸಿದರು. ನಾನು ಸರಿಯಾಗಿ ಕೂರುವ ಮೊದಲೇ ಕೇಳಿದರು:

"ಮನ್ಯಾಗ ನೀವು ಬೇಜಾರು ಅಂತಿರ್ತೀರೇನ್ರಿ?"

"ಅಂತೀನಿ. ಯಾಕೆ?"

"ನಿಮ್ಮ ಮಗಳು ಬೋರ್ಡ್ ಅನ್ನೂದು ಇಂಗ್ಲಿಷ್ ಅಲ್ರಿ. ನಿಮ್ಮ ಬೇಜಾರನ್ನ ತರ್ಜುಮಿ ಮಾಡ್ಯಾಳ. ಎಲ್ಲಿ ಬೋರ್ ಆಗ್ತೈತಿ, ತೋರಸು ಅಂದೆ. ಹೊಟ್ಟಿ ಮ್ಯಾಲೆ ಕೈ ಇಟ್ಟಳು. ಬೋರ್ ಆದವ್ರು ಹೊಟ್ಟಿ ಮುಟ್ಟಿ ತೋರಸೂದಿಲ್ರಿ."

ಆಗಲೂ ನನ್ನ ಕೈ ನನ್ನ ಹೊಟ್ಟೆಯ ಮೇಲೇ ಇತ್ತು. ಅವರು ಅದನ್ನು ನೋಡಿದರು, ಆದರೆ ನನ್ನನ್ನು ಬಿಡಲಿಲ್ಲ.

"ಕೂಸಿಗೆ ಏನಂತ ಹೇಳೀರಿ?"

"ತಮ್ಮ ದೇವರ ಹತ್ರ ಹೋದ ಅಂತ."

"ಹೋದವ್ರು ಬರ್ತಾರ್ರಿ. ನಾವು ಅಂಗಡಿಗೆ ಹೊಂಟರೂ ಹೋಗಿ ಬರ್ತೀನಿ ಅಂತೀವಿ. ಆಟದ ಹೊತ್ತಿನ್ಯಾಗ ಅಕಿ ಪಾರ್ಕಿಂಗ್ ಕಡೆ ಮಾರಿ ಮಾಡಿ ಕುಂದರ್ತಾಳ, ನೀವು ಅವನ್ನ ಕರ್ಕೊಂಡು ಬರ್ತೀರಿ ಅಂತ. ಸತ್ತ ಅಂತ ಹೇಳ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಏಳು ವರ್ಷದ ಮಗುವಿಗೆ ಅಂಥ ಮಾತು ಹೇಳು ಎನ್ನುವ ಈ ಹೆಂಗಸಿಗೆ ಕರುಳೇ ಇಲ್ಲವೇ ಎನಿಸಿತು. ಥ್ಯಾಂಕ್ಸ್ ಕೂಡ ಹೇಳದೆ ಎದ್ದುಬಂದೆ. ಆದರೆ ಪಾರ್ಕಿಂಗ್ ಕಡೆ ಮುಖ ಮಾಡಿ ಕೂತ ಮಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಆ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಪು ಸತ್ತುಹೋದ, ಇನ್ನು ಬರುವುದಿಲ್ಲ ಎಂದೆ. ಅವಳು ಕೇಳಿದಳು: "ಬಿಕಾಸ್ ಐ ಜಂಪ್ಡ್ ಆನ್ ಯು?"

ಎಂದೋ ಸೋಫಾದ ಮೇಲೆ ಆಡುವಾಗ ನನ್ನ ಮೈಮೇಲೆ ಹಾರಿದ್ದಳು, ಹೊಟ್ಟೆಯಲ್ಲಿ ಪಾಪು ಇದೆ ಎಂದು ನಾನು ಗದರಿದ್ದೆ. ಅದು ನನಗೆ ಮರೆತೇ ಹೋಗಿತ್ತು. ಅಷ್ಟು ದಿನವೂ ಆ ಮಗು ತಮ್ಮ ಹೋದದ್ದು ತನ್ನಿಂದಲೇ ಎಂದುಕೊಂಡು ಶಾಲೆಗೆ ಹೋಗಿ ಬರುತ್ತಿತ್ತು. ನಾವು ಅದರ ತಲೆಯ ಮೇಲೆ ಮೂರನೆಯ ತರಗತಿಯ ಲೆಕ್ಕ ಹೇರಿದ್ದೆವು.

ಮಾರನೆಯ ದಿನ ಹೋಗಿ ಹೇಳಿದಾಗ ಅಕ್ಕೋರಿಗೆ ಆಶ್ಚರ್ಯವೇ ಆಗಲಿಲ್ಲ. "ಭಾಳ ಮಕ್ಕಳು ಹಂಗ ಅನ್ಕೊಂತಾವ್ರಿ. ಬಾಯಿ ಬಿಟ್ಟು ಕೇಳಿದಳಲ್ಲ, ಇನ್ನ ಪಾರಾಗ್ತಾಳ" ಎಂದರು. ಪಾರಾಗಲು ವರ್ಷವೇ ಹಿಡಿಯಿತು. ರಾತ್ರಿ ಬೆಚ್ಚಿ ಏಳುವುದು, ನನ್ನನ್ನು ಮುಟ್ಟಲು ಹೆದರುವುದು, ಎಲ್ಲ ಆಯಿತು. ಅಷ್ಟೂ ದಿನ ಅವಳ ಊಟ ಅಕ್ಕೋರ ರೂಮಿನಲ್ಲೇ. ಅಲ್ಲಿಗೆ ಬರುತ್ತಿದ್ದ ಇನ್ನೊಂದು ಒಂಟಿ ಹುಡುಗಿಯ ಜೊತೆ ಗೆಳೆತನವಾಗಿ, ಕೊನೆಗೆ ಇಬ್ಬರೂ ಕೂಡಿ ಆಟಕ್ಕೆ ಹೋದರು.

ಮಗಳು ಐದನೆಯ ತರಗತಿಗೆ ಬರುವಷ್ಟರಲ್ಲಿ ಅಕ್ಕೋರಿಗೆ ಕ್ಯಾನ್ಸರ್. ಕುಕ್ಕರಗಾಲಲ್ಲಿ ಕೂರಲು ಆಗದಾದಾಗ ಮಕ್ಕಳನ್ನೇ ಮೇಜು ಹತ್ತಿಸಿ, ತಾವು ಕುರ್ಚಿಯಲ್ಲಿ ಕೂತು ಕತ್ತೆತ್ತಿ ಮಾತಾಡುತ್ತಿದ್ದರು. ಅದೂ ಆಗದಾಗಿ ಮನೆಯಲ್ಲಿ ಹಾಸಿಗೆ ಹಿಡಿದರು. ನಾನು ಸಾರು ಅನ್ನ ತೆಗೆದುಕೊಂಡು ಹೋದೆ, ಎರಡು ತುತ್ತೂ ಸೇರಲಿಲ್ಲ.

"ನಿಮ್ಮ ಮಗಳಿಗೆ ನಾ ಊರಿಗೆ ಹೋಗೇನಿ ಅಂತ ಹೇಳಬ್ಯಾಡ್ರಿ ಮತ್ತ."

"ಹಾಗೆಲ್ಲ ಮಾತಾಡಬೇಡಿ. ಹುಷಾರಾಗ್ತೀರಿ."

"ನೋಡ್ರಿ, ಮತ್ತ ಸುಳ್ಳು" ಎಂದು ನಕ್ಕರು.

ಹೊರಡುವಾಗ ಅಭ್ಯಾಸಬಲದಿಂದ "ಹೋಗಿ ಬರ್ತೀನಿ" ಎಂದೆ. ಅವರು "ಬರ್ರಿ" ಎಂದರು. ನಾನು ಮತ್ತೆ ಹೋಗುವಷ್ಟರಲ್ಲಿ ಅವರಿರಲಿಲ್ಲ.

ಸುದ್ದಿ ಬಂದ ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆತರುವಾಗ ದಾರಿಯಲ್ಲಿ ಕಾರು ನಿಲ್ಲಿಸಿದೆ. ದೊಡ್ಡವರ ವಿಷಯದಲ್ಲಿ ನಾವು ಸತ್ತರು ಎನ್ನುವುದಿಲ್ಲ, ತೀರಿಕೊಂಡರು ಎನ್ನುತ್ತೇವೆ. ತೀರಿಕೊಂಡರು ಎಂದರೆ ಅವಳಿಗೆ ತಿಳಿಯುತ್ತಿರಲಿಲ್ಲ. "ಅಕ್ಕೋರು ಸತ್ತುಹೋದ್ರು, ಪುಟ್ಟಿ" ಎಂದೆ.

ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, "ಬೇಜಾರು, ಅಮ್ಮ" ಎಂದಳು. ಆಮೇಲೆ ಕೇಳಿದಳು: "ನಿಂಗೆ?"

"ನಂಗೂ."

ಸೀಟ್‌ಬೆಲ್ಟ್ ಬಿಚ್ಚಿ ಮುಂದಿನ ಸೀಟಿಗೆ ಬಂದು ನನಗೆ ಒತ್ತಿಕೊಂಡು ಕೂತಳು. ಇಬ್ಬರೂ ಅತ್ತು ಮುಗಿಯುವ ತನಕ ನಾನು ಕಾರು ತೆಗೆಯಲಿಲ್ಲ.