ಹಚ್ಚೆಯ ಮೇಲಿನ ಹೆಬ್ಬೆರಳು

ಗಾಳಿ, ದೆವ್ವ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಸಗರದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಮಕ್ಕಳು ತಾಯತ ಕಟ್ಟಿಕೊಂಡು ಬಂದರೆ ಅವರ ತಾಯಂದಿರನ್ನು ಕರೆಸಿ ಬೈದವಳು. ಈಗ ಇದನ್ನು ಓದಿ ನೀವು ನಕ್ಕರೂ ನನ್ನ ತಕರಾರಿಲ್ಲ.

ಆ ವರ್ಷ ನನಗೆ ಒಣ ಕೆಮ್ಮು ಅಂಟಿಕೊಂಡಿತು. ಪಾದದ ಗಿಣ್ಣು ಊದಿತು. ಮೊಣಕಾಲ ಕೆಳಗೆ ಕೆಂಪು ಗಂಟುಗಳೆದ್ದು, ಸೀರೆಯ ಅಂಚು ತಾಗಿದರೂ ಜೀವ ಹೋದಂತಾಗುತ್ತಿತ್ತು. ಕಣ್ಣು ಕೆಂಪಾಗಿ ಬಿಸಿಲು ನೋಡಲಾಗುತ್ತಿರಲಿಲ್ಲ. ಯಾದಗಿರಿಯಲ್ಲಿ ಎಕ್ಸ್‌ರೇ ತೆಗೆಸಿದರೆ ಎದೆಯೊಳಗೂ ಗಂಟು. ಕೆಮ್ಮು, ಎದೆಯಲ್ಲಿ ಗಂಟು ಎಂದರೆ ನಮ್ಮ ಕಡೆ ಟಿಬಿಯೇ. ಕಫದಲ್ಲಿ ಏನೂ ಸಿಗದಿದ್ದರೂ ಗುಳಿಗೆ ಶುರುವಾದವು. ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟರು. "ಕೂಸಿನ ಸಲುವಾಗಿ ನಮ್ಮವ್ವ, ಸಿಟ್ಟಾಗಬ್ಯಾಡ," ಎಂದು, ಆಗಷ್ಟೇ ಮಾತು ಕಲಿಯುತ್ತಿದ್ದ ಮಗಳನ್ನು ತಮ್ಮ ಹತ್ತಿರವೇ ಮಲಗಿಸಿಕೊಂಡರು. ಗುಳಿಗೆಯಿಂದ ಗುಣವೇನೂ ಕಾಣಲಿಲ್ಲ. ಕಣ್ಣು ಮಂಜಾಗುತ್ತಾ ಬಂತು. ಬಾಗಿಲಾಚೆ ನಿಂತ ಮಗಳ ಮುಖ ಸರಿಯಾಗಿ ಕಾಣದ ದಿನ ಗೋಡೆಗೆ ತಲೆ ಚಚ್ಚಿಕೊಂಡು ಅತ್ತುಬಿಟ್ಟೆ.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆ ಮಗಳನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದರು. ಯಜಮಾನರು ಶಹಾಪುರದಲ್ಲಿ. ಒಳಗಿನಿಂದ ಚಿಲಕ ಹಾಕಿ ಮಲಗಿದ್ದೆ. ಎಡಗೈಯ ಹಚ್ಚೆಯ ಮೇಲೆ ಯಾರೋ ಹೆಬ್ಬೆರಳು ಒತ್ತಿ ನಿಧಾನಕ್ಕೆ ಎಳೆದರು, ಒಂದೊಂದೇ ಗೆರೆ ಹಿಡಿದು. ಸುರಪುರದ ತವರುಮನೆಯಲ್ಲಿ ಹಚ್ಚೆ ಹಾಕಿಸಿದ ದಿನ, ಉರಿ ತಾಳದೆ ನಾನು ಅಳುವಾಗ, ಅವ್ವ ಹೀಗೆಯೇ ಔಡಲ ಎಣ್ಣೆ ಸವರಿದ್ದಳು. "ಸತ್ತಾಗ ಮೈಮ್ಯಾಲಿಂದು ಎಲ್ಲಾ ಬಿಚ್ಚಿಕೊಳ್ತಾರ ಮಗಳ, ಇದೊಂದ ನಿನ್ನ ಜೋಡಿ ಬರ್ತದ," ಎಂದಿದ್ದಳು. ಅವ್ವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಕಣ್ಣು ಬಿಟ್ಟೆ. ಯಾರೂ ಇಲ್ಲ. ಕೈಮೇಲೆ ಎಣ್ಣೆಯ ಜಿಡ್ಡು, ಅದೇ ವಾಸನೆ. ಹಚ್ಚೆಯ ಗೆರೆಗಳೆಲ್ಲ ಚರ್ಮದಡಿ ದಾರ ಇಟ್ಟಂತೆ ಉಬ್ಬಿದ್ದವು.

ಆ ಉಬ್ಬು ನೋಡಿದ ಕಲಬುರಗಿಯ ಡಾಕ್ಟರು ಅಲ್ಲಿಂದಲೇ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಸಾರ್ಕಾಯ್ಡೋಸಿಸ್ ಅಂತೆ, ಎದೆ, ಕಣ್ಣು, ಕಾಲು, ಚರ್ಮ ಎನ್ನದೆ ಎಲ್ಲಾದರೂ ಗಂಟು ಕಟ್ಟುವ ರೋಗ. "ಇದು ಅಂಟು ಜಡ್ಡಲ್ರಿ ಟೀಚರ್, ಮೊದಲ ಮಗಳನ್ನ ಎತ್ಕೊಳ್ರಿ," ಎಂದರು. ಔಷಧ ಬದಲಾಯಿತು, ಕಣ್ಣು ಉಳಿಯಿತು. ಹಳೆಯ ಹಚ್ಚೆ ಉಬ್ಬುವುದೂ ಈ ರೋಗದ ಲಕ್ಷಣವೇ ಎಂದು ಅವರು ಹೇಳಿದ್ದನ್ನು ಒಪ್ಪಿದ್ದೇನೆ.

ಎಣ್ಣೆ ಮಾತ್ರ ಎಲ್ಲಿಂದ ಬಂತೋ ಇಂದಿಗೂ ತಿಳಿಯದು. ನಮ್ಮ ಮನೆಯಲ್ಲಿ ಔಡಲ ಎಣ್ಣೆಯೇ ಇರಲಿಲ್ಲ. ಯಾರಿಗೆ ಹೇಳಿದರೂ ಜಡ್ಡಿನ ಭ್ರಮೆ ಎನ್ನುತ್ತಾರೆ. ಇದ್ದರೂ ಇರಬಹುದು. ಆದರೆ ಆ ಹೊತ್ತಿನಲ್ಲಿ ನಾನು ಹೆದರಿ ಬಚ್ಚಲಿಗೆ ಓಡಿ, ಸಾಬೂನು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದುಬಿಟ್ಟೆ. ಅವ್ವಾ ಎಂದು ಒಂದು ಸಲ ಕರೆಯಲೂ ಇಲ್ಲ.