ಟಗರಿನ ಕೊರಳಲ್ಲಿ ಉಳಿದ ಹಾಡು

ಕಳೆದ ಸೋಮವಾರ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಸಾಕ್ಷ್ಯಚಿತ್ರಕ್ಕೆಂದು ಧ್ವನಿಮುದ್ರಿಸಿದ್ದ ಪಾಲಬಾವಿಯ ಕುರಿಗಾಹಿ ಬೀರಪ್ಪಜ್ಜನ ಹಾಡುಗಳು ಅದರಲ್ಲಿದ್ದವು. ನನ್ನ ಬಳಿ ಬೇರೆ ಪ್ರತಿ ಇರಲಿಲ್ಲ, ಅಜ್ಜ ತೀರಿಕೊಂಡಿದ್ದಾರೆ. ಅವರ ಮಗಳು ಸಿದ್ದವ್ವನಿಗೆ ಹಿಂದೊಮ್ಮೆ ಹಾಡುಗಳನ್ನು ಮೆಮೊರಿ ಕಾರ್ಡಿಗೆ ಹಾಕಿಕೊಟ್ಟದ್ದು ನೆನಪಾಗಿ, ಲ್ಯಾಪ್‌ಟಾಪ್ ಹಿಡಿದು ಹೊರಟೆ.

ಕುಡಚಿ ಬಳಿಯ ಹೊಲದಲ್ಲಿ ಅವರ ಕುರಿಗಳು ಮೇಯುತ್ತಿದ್ದವು. ಟಗರಿನ ಕೊರಳಿಗೆ ಕಟ್ಟಿದ್ದ ಪುಟ್ಟ ಸ್ಪೀಕರಿನಲ್ಲಿ ಅಜ್ಜ ಹಾಡುತ್ತಿದ್ದರು. ಸ್ಪೀಕರಿನೊಳಗಿದ್ದ ಕಾರ್ಡನ್ನು ಕೊಡುವಂತೆ ಸಿದ್ದವ್ವನನ್ನು ಕೇಳಿದೆ.

“ನೀವು ಒಯ್ದ್ರ ಸಂಜೀಕ ಕುರಿ ಹೆಂಗ ಕೂಡ್ತಾವ್ರಿ? ಅಪ್ಪನ ದನೀಗೇ ಬರ್ತಾವ ಅವು,” ಎಂದರು ಸಿದ್ದವ್ವ. ಆಮೇಲೆ ಹೊಲದ ಬದು ತೋರಿಸಿ, “ಇಲ್ಲೇ ಕುಂತು ಇಳಿಸ್ಕೋರಿ. ಟಗರು ಹಾಯ್ತೈತಿ, ಹುಷಾರ್ರಿ.”

ಈಗ ಹಾಡುಗಳ ಒಂದು ಪ್ರತಿ ಅಥಣಿಯ ನನ್ನ ಮನೆಯಲ್ಲಿ, ಇನ್ನೊಂದು ನಿಪ್ಪಾಣಿಯ ತಂಗಿಯ ಮನೆಯಲ್ಲಿದೆ. ಕಾರ್ಡ್ ಟಗರಿನ ಕೊರಳಲ್ಲೇ ಇದೆ.